ಮನೆಯ ಲೇತಿನಲ್ಲಿ ಗಟ್ಟಿ ಪ್ಲಾಸ್ಟಿಕ್: ರಾಡ್ ಆರಿಸುವುದರಿಂದ ಬುಷ್ ಕೂರಿಸುವವರೆಗೆ

ದಾವಣಗೆರೆಯ ನಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿರುವ ಲೇತ್, ಅಂದರೆ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ, ಪಕ್ಕದ ಹರಿಹರದಲ್ಲಿ ತಯಾರಾದದ್ದು. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಉಕ್ಕು, ಬೀಡು, ಹಿತ್ತಾಳೆಗಳನ್ನು ಕಡೆಯಲೆಂದು ಹುಟ್ಟಿದವು. ಆದರೆ ಈಗ ನನ್ನ ಶೆಡ್ಡಿಗೆ ಬರುವ ಕೆಲಸದಲ್ಲಿ ಹೆಚ್ಚಿನ ಪಾಲು ಪ್ಲಾಸ್ಟಿಕ್ಕಿನದು: ಮಂಡಕ್ಕಿ ಭಟ್ಟಿಯ ಜರಡಿಗೆ ಬುಷ್ (ಶಾಫ್ಟ್ ಒಳಗೆ ತಿರುಗುವ ಕೊಳವೆ ತುಂಡು), ಅಡಿಕೆ ಸುಲಿಯುವ ಯಂತ್ರಕ್ಕೆ ರೋಲರ್, ಹಿಟ್ಟಿನ ಗಿರಣಿಗೆ ವಾಷರ್, ಯಾರದೋ ಹಳೆಯ ಹೊಲಿಗೆ ಯಂತ್ರಕ್ಕೆ ಸವೆದ ಗುಬ್ಬಿಯ ಬದಲಿ. ಉಕ್ಕನ್ನು ಇಪ್ಪತ್ತು ವರ್ಷ ಕಡೆದ ಕೈಗೂ ಪ್ಲಾಸ್ಟಿಕ್ ಮೊದಮೊದಲು ಒಗ್ಗುವುದಿಲ್ಲ. ಮೆತ್ತಗಿದೆ ಎಂದು ಹಗುರವಾಗಿ ಕಂಡರೆ ಬೆಳಿಗ್ಗೆ ಸರಿಯಾಗಿ ಕುಳಿತ ತುಂಡು ಮಧ್ಯಾಹ್ನ ಕೂರುವುದಿಲ್ಲ.

ಇದಕ್ಕೆ ಮೂಲ ಕಾರಣ ಶಾಖ. ಉಕ್ಕಿನಲ್ಲಿ ಶಾಖ ಹರಿಯುವ ವೇಗಕ್ಕೆ ಹೋಲಿಸಿದರೆ ಸಾಮಾನ್ಯ ಎಂಜಿನಿಯರಿಂಗ್ ಪ್ಲಾಸ್ಟಿಕ್ಕುಗಳಲ್ಲಿ ಅದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಲೋಹ ಕಡೆಯುವಾಗ ಹುಟ್ಟುವ ಶಾಖದ ಒಂದಂಶ ತುಂಡಿನೊಳಗೆ ಹರಡಿ, ಅದನ್ನು ಹಿಡಿದ ಚಕ್‌ವರೆಗೆ ಹೋಗಿ ಆರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅದು ಟೂಲಿನ ತುದಿ ತಾಗಿದ ಜಾಗದಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಶಾಖ ಹೊರಬೀಳಲು ಇರುವ ಮುಖ್ಯ ದಾರಿ ಕತ್ತರಿಸಿ ಬರುವ ಸುರುಳಿ ಮಾತ್ರ. ಆದ್ದರಿಂದ ಟೂಲಿನ ಹರಿತ, ಫೀಡ್ (ಒಂದು ಸುತ್ತಿಗೆ ಟೂಲ್ ಸರಿಯುವ ದೂರ), ವೇಗ, ಗಾಳಿ ಎಂಬ ಎಲ್ಲ ನಿರ್ಧಾರಗಳನ್ನೂ ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಶಾಖ ಸುರುಳಿಯೊಂದಿಗೆ ಹೊರಗೆ ಹೋಗುತ್ತಿದೆಯೇ, ತುಂಡಿನಲ್ಲೇ ಉಳಿಯುತ್ತಿದೆಯೇ?

ಶಾಖ ಉಳಿದರೆ ತುಂಡು ಹಿಗ್ಗುತ್ತದೆ, ಅದೂ ಉಕ್ಕಿಗಿಂತ ಬಹಳ ಹೆಚ್ಚು. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗಿದರೆ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಸುಮಾರು 110 ಪಾಲು ಹಿಗ್ಗುತ್ತದೆ. 100 ಮಿ.ಮೀ. ಉದ್ದದ ಡೆಲ್ರಿನ್ ತುಂಡು 20 ಡಿಗ್ರಿ ಬಿಸಿಯಾದರೆ 0.22 ಮಿ.ಮೀ. ಬೆಳೆಯುತ್ತದೆ. ನಮ್ಮ ಊರಿನ ಡಿಸೆಂಬರ್ ಬೆಳಗಿಗೂ ತಗಡಿನ ಶೆಡ್ಡಿನ ಏಪ್ರಿಲ್ ಮಧ್ಯಾಹ್ನಕ್ಕೂ ನಡುವೆ ಅಷ್ಟು ಅಂತರ ಸಲೀಸಾಗಿ ಇರುತ್ತದೆ, ಟೂಲಿನಿಂದ ಹುಟ್ಟುವ ಬಿಸಿ ಬೇರೆ. ಬಿಸಿ ತುಂಡನ್ನು ಅಳೆದು ನೂರನೇ ಒಂದು ಮಿಲಿಮೀಟರಿನ ಲೆಕ್ಕ ಹಾಕಿದರೆ ಆ ಲೆಕ್ಕ ನಿಲ್ಲುವುದಿಲ್ಲ.

ಯಾವ ಕೆಲಸಕ್ಕೆ ಯಾವ ಪ್ಲಾಸ್ಟಿಕ್

ಮೊದಲು ಕೆಲಸದ ಜಾಗ ನೋಡಬೇಕು. ಅಲ್ಲಿ ನೀರಿದೆಯೇ, ಬಿಸಿ ಎಷ್ಟು, ಭಾರ ಎಷ್ಟು, ಬಿಸಿಲು ಬೀಳುತ್ತದೆಯೇ, ಆಹಾರ ತಾಗುತ್ತದೆಯೇ, ಎಣ್ಣೆ ಅಥವಾ ಆಮ್ಲ ಬೀಳುತ್ತದೆಯೇ ಎಂಬುದನ್ನು ಕೇಳಿ ಬರೆದಿಟ್ಟುಕೊಂಡ ಮೇಲೆಯೇ ಅಂಗಡಿಗೆ ಹೋಗುವುದು ಒಳ್ಳೆಯದು.

ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಅಸಿಟಾಲ್, ಅಂದರೆ ಅಂಗಡಿಯಲ್ಲಿ ಡೆಲ್ರಿನ್ ಅಥವಾ ಪಿಒಎಂ ಎಂದು ಕೇಳಿದರೆ ಕೊಡುವ ರಾಡ್. ಡೆಲ್ರಿನ್ ಎಂಬುದು ಮೂಲತಃ ಡುಪಾಂಟ್ ಕಂಪನಿಯ ವ್ಯಾಪಾರನಾಮ, ಈಗ ಅದು ವಸ್ತುವಿನ ಹೆಸರೇ ಆಗಿಬಿಟ್ಟಿದೆ. ಇದು ಹಿತ್ತಾಳೆಯಂತೆ ಶುದ್ಧವಾಗಿ ಕತ್ತರಿಸುತ್ತದೆ, ನೀರನ್ನು ಬಹಳ ಕಡಿಮೆ ಹೀರುತ್ತದೆ, ಎಣ್ಣೆಯಿಲ್ಲದೆಯೂ ಉಕ್ಕಿನ ಮೇಲೆ ಜಾರುತ್ತದೆ, ಸುಮಾರು 90 ಡಿಗ್ರಿಯವರೆಗೆ ನಿರಂತರವಾಗಿ ಕೆಲಸ ಮಾಡುತ್ತದೆ. ದಪ್ಪ ರಾಡುಗಳ ನಡುಮಧ್ಯದಲ್ಲಿ ಕೆಲವೊಮ್ಮೆ ಸಣ್ಣ ರಂಧ್ರಗಳಿರುವ ಬಿಳಿಚಿದ ಪದರ ಇರುತ್ತದೆ. ಬುಷ್ ಮಾಡುವಾಗ ಆ ಭಾಗ ಹೇಗೂ ಕೊರೆದು ಹೋಗುವುದರಿಂದ ತೊಂದರೆಯಿಲ್ಲ, ಗಟ್ಟಿ ತುಂಡೇ ಬೇಕಾದಲ್ಲಿ ಮಾತ್ರ ನೋಡಿ ತೆಗೆದುಕೊಳ್ಳಬೇಕು. ಬಲವಾದ ಆಮ್ಲ ಇದಕ್ಕೆ ಆಗುವುದಿಲ್ಲ.

ನೈಲಾನ್ ಅಸಿಟಾಲ್‌ಗಿಂತ ಗಟ್ಟಿಮುಟ್ಟು, ಪೆಟ್ಟು ತಡೆಯುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಅದು ನೀರು ಕುಡಿಯುತ್ತದೆ. ಈ ಮಾತನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಚನ್ನಗಿರಿ ಕಡೆಯ ಅಡಿಕೆ ತೋಟವೊಂದರಲ್ಲಿ ತೊಟ್ಟಿಯ ನೀರೊಳಗೆ ತಿರುಗುವ 40 ಮಿ.ಮೀ. ಶಾಫ್ಟಿಗೆ ನೈಲಾನ್ ಬುಷ್ ಮಾಡಿ, 0.15 ಮಿ.ಮೀ. ಸಡಿಲ ಬಿಟ್ಟು, ಕೈಯಲ್ಲಿ ತಿರುಗಿಸಿ ತೋರಿಸಿ ಕಳಿಸಿದ್ದೆ. ಎರಡು ತಿಂಗಳಲ್ಲಿ ಶಾಫ್ಟ್ ಕಚ್ಚಿಕೊಂಡು ಮೋಟಾರ್ ಸುಟ್ಟಿತು. ಆ ರೈತರ ಮುಂದೆ ನಿಂತಾಗ ಆದ ಸಂಕಟ ಇಂದಿಗೂ ನೆನಪಿದೆ. ನೀರಿನಲ್ಲಿ ಮುಳುಗಿಯೇ ಇದ್ದರೆ ನೈಲಾನ್ 6 ತನ್ನ ತೂಕದ 6ರಿಂದ 9 ಪ್ರತಿಶತದಷ್ಟು ನೀರನ್ನು ಕ್ರಮೇಣ ಹೀರುತ್ತದೆ. ಹೀರಿದ ಪ್ರತಿ 1 ಪ್ರತಿಶತ ನೀರಿಗೆ ಅಳತೆ ಸುಮಾರು 0.2ರಿಂದ 0.3 ಪ್ರತಿಶತ ಬೆಳೆಯುತ್ತದೆ. ಹೊರಗೆ ಬುಷ್ ಕೂರುವ ಲೋಹದ ಗೂಡು ತಡೆದಿರುವುದರಿಂದ ಆ ಬೆಳವಣಿಗೆಯೆಲ್ಲ ಒಳಗಿನ ರಂಧ್ರವನ್ನು ಕಿರಿದಾಗಿಸುತ್ತದೆ. ನೀರಿನಲ್ಲಿ ನಿಖರವಾದ ಅಳತೆ ಬೇಕಿದ್ದರೆ ಅಸಿಟಾಲ್, ಒಣ ಜಾಗದಲ್ಲಿ ಪೆಟ್ಟು ತಿನ್ನುವ ಗೇರ್, ರೋಲರ್, ಗಾಲಿಗಳಿಗೆ ನೈಲಾನ್ ಎಂಬ ನಿಯಮವನ್ನು ಅಂದಿನಿಂದ ಮುರಿದಿಲ್ಲ.

ಮೂರನೆಯದು ಅತಿ ಹೆಚ್ಚು ಅಣುತೂಕದ ಪಾಲಿಥಿಲೀನ್. ಇದನ್ನು ವ್ಯಾಪಾರದಲ್ಲಿ ಯುಹೆಚ್‌ಎಂಡಬ್ಲ್ಯೂ ಎನ್ನುತ್ತಾರೆ. ಮರಳು, ಧೂಳು, ಕಾಳು ಉಜ್ಜುವ ಜಾರುಪಟ್ಟಿಗಳಿಗೆ ಇದಕ್ಕಿಂತ ಬಾಳಿಕೆಯ ಪ್ಲಾಸ್ಟಿಕ್ ಸಿಗುವುದು ಕಷ್ಟ. ಆದರೆ ಮೆತ್ತಗಿರುವುದರಿಂದ, ಅಸಿಟಾಲ್‌ಗಿಂತಲೂ ಹೆಚ್ಚು ಹಿಗ್ಗುವುದರಿಂದ, ಬಿಗಿಯಾದ ಅಳತೆಯನ್ನು ಇದರಿಂದ ನಿರೀಕ್ಷಿಸಬಾರದು. ಟೆಫ್ಲಾನ್ 250 ಡಿಗ್ರಿಯ ಆಸುಪಾಸಿನವರೆಗೂ ತಾಳುತ್ತದೆ, ಹೆಚ್ಚುಕಡಿಮೆ ಯಾವ ರಾಸಾಯನಿಕಕ್ಕೂ ಬಗ್ಗುವುದಿಲ್ಲ. ಭಾರ ಹಾಕಿದರೆ ಮಾತ್ರ ತಣ್ಣಗಿದ್ದಾಗಲೂ ನಿಧಾನವಾಗಿ ಹರಿದು ಆಕಾರ ಬಿಡುತ್ತದೆ. ಸೀಲ್, ಗ್ಯಾಸ್ಕೆಟ್‌ಗಳಿಗೆ ಅದು ಸರಿ, ಭಾರ ಹೊರುವ ಬುಷ್‌ಗೆ ಶುದ್ಧ ಟೆಫ್ಲಾನ್ ಬೇಡ.

ಪಾರದರ್ಶಕ ಭಾಗ ಬೇಕಿದ್ದರೆ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್. ಅಕ್ರಿಲಿಕ್ಕಿನಲ್ಲಿ ಎರಕ ಹೊಯ್ದದ್ದನ್ನು ಕೇಳಿ ತರಬೇಕು, ಹಿಂಡಿ ತೆಗೆದ ಅಗ್ಗದ ರಾಡ್ ಬೇಗ ಮೆತ್ತಗಾಗಿ ಟೂಲಿಗೆ ಅಂಟುತ್ತದೆ. ಪಿವಿಸಿ ರಾಡ್ ಅಗ್ಗ, ಆಮ್ಲಕ್ಕೆ ಹೆದರುವುದಿಲ್ಲ. ಆದರೆ ಅತಿ ಬಿಸಿಯಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅದು ಮೂಗಿಗೂ ಕೆಟ್ಟದ್ದು, ಲೇತಿನ ಹಾಸಿಗೆಗೂ (ಟೂಲ್ ಸಾಗುವ ಲೋಹದ ಹಳಿಗೂ) ತುಕ್ಕು. ಬಟ್ಟೆಯ ಪದರಗಳನ್ನು ಫಿನಾಲಿಕ್ ರಾಳದಲ್ಲಿ ಒತ್ತಿ ಮಾಡಿದ, ನಮ್ಮಲ್ಲಿ ಹೈಲಮ್ ಎಂದು ಕರೆಯುವ ಕಂದು ರಾಡ್ ಬೇರೆಯೇ ಜಾತಿ. ಅದು ಕರಗುವುದಿಲ್ಲ, ಸದ್ದಿಲ್ಲದ ಗೇರುಗಳಿಗೆ ಹೆಸರಾದದ್ದು. ಬಿಸಿಲಿಗೆ ಇಡುವ ಯಾವುದೇ ಅಸಿಟಾಲ್ ಅಥವಾ ನೈಲಾನ್ ಭಾಗಕ್ಕೆ ಬಿಳಿಯ ಬದಲು ಕಪ್ಪು ರಾಡ್ ಆರಿಸಿದರೆ ಬಾಳಿಕೆ ಹೆಚ್ಚು. ಆಹಾರ ತಾಗುವ ಕಡೆ ಬಣ್ಣ ಬೆರೆಸದ, ಆಹಾರದ ಬಳಕೆಗೆ ಒಪ್ಪಿದ ದರ್ಜೆಯದೇ ಬೇಕು.

ಉಪ್ಪುನೀರಿನ ಪರೀಕ್ಷೆ

ಅಂಗಡಿಯ ಮೂಲೆಯಲ್ಲಿ ಬಿಳಿ ರಾಡುಗಳೆಲ್ಲ ಒಂದರ ಪಕ್ಕ ಒಂದು ನಿಂತಿರುತ್ತವೆ. ನೈಲಾನ್, ಅಸಿಟಾಲ್, ಪಾಲಿಥಿಲೀನ್, ಟೆಫ್ಲಾನ್ ನಾಲ್ಕೂ ಬಿಳಿ. ಮೇಲೆ ಬರೆದಿದ್ದ ಸೀಸದ ಗುರುತು ಅಳಿಸಿಹೋಗಿರುತ್ತದೆ. ತಪ್ಪು ರಾಡ್ ತಂದರೆ ಮುಂದಿನ ಎಚ್ಚರಿಕೆಯೆಲ್ಲ ವ್ಯರ್ಥ.

ಮನೆಯಲ್ಲೇ ಗುರುತಿಸಲು ಒಂದು ಲೋಟ ನೀರು, ಒಂದು ಲೋಟ ಉಪ್ಪುನೀರು ಸಾಕು. ಒಂದು ಲೀಟರ್ ನೀರಿಗೆ ಸುಮಾರು 360 ಗ್ರಾಂ ಅಡುಗೆ ಉಪ್ಪು ಹಾಕಿ, ಇನ್ನು ಕರಗುವುದಿಲ್ಲ ಎನ್ನುವವರೆಗೆ ಕಲಕಿದರೆ ಅದರ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ ಆಗುತ್ತದೆ. ರಾಡಿನ ತುದಿಯಿಂದ ಒಂದು ಚೂರು ಕೊಯ್ದು, ಗಾಳಿಗುಳ್ಳೆ ಅಂಟದಂತೆ ಒರೆಸಿ ಮೊದಲು ಸಾದಾ ನೀರಿಗೆ ಹಾಕಬೇಕು. ತೇಲಿದರೆ ಪಾಲಿಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಮುಳುಗಿದರೆ ಉಪ್ಪುನೀರಿಗೆ ಹಾಕಬೇಕು. ಅಲ್ಲಿ ತೇಲಿದರೆ ಅದು 1.14ರ ಸಾಂದ್ರತೆಯ ನೈಲಾನ್, ಅಲ್ಲೂ ಮುಳುಗಿದರೆ 1.41ರ ಅಸಿಟಾಲ್ ಅಥವಾ ಅದಕ್ಕಿಂತ ಭಾರದ ಟೆಫ್ಲಾನ್. ಕೊನೆಯ ಎರಡನ್ನು ಬೇರ್ಪಡಿಸಲು ಉಗುರು ಸಾಕು: ಟೆಫ್ಲಾನ್ ಮೇಣದಂತೆ ಗೀರುಬೀಳುತ್ತದೆ, ಅಸಿಟಾಲ್ ಬೀಳುವುದಿಲ್ಲ.

ತಕ್ಕಡಿ ಇದ್ದರೆ ಅಂಗಡಿಯಲ್ಲೇ ಕೆಲಸ ಮುಗಿಯುತ್ತದೆ. 50 ಮಿ.ಮೀ. ವ್ಯಾಸದ, 100 ಮಿ.ಮೀ. ಉದ್ದದ ತುಂಡು ಯುಹೆಚ್‌ಎಂಡಬ್ಲ್ಯೂ ಆದರೆ ಸುಮಾರು 185 ಗ್ರಾಂ, ನೈಲಾನ್ ಆದರೆ 224, ಅಸಿಟಾಲ್ ಆದರೆ 277, ಟೆಫ್ಲಾನ್ ಆದರೆ 425 ಗ್ರಾಂ ತೂಗುತ್ತದೆ. ರಾಡುಗಳನ್ನು ಕಿಲೋ ಲೆಕ್ಕದಲ್ಲಿ ಮಾರುವುದರಿಂದ ಬೆಲೆಯನ್ನೂ ಈ ತೂಕದಿಂದಲೇ ಹೋಲಿಸಬೇಕು. ಕೆಲವರು ಚೂರನ್ನು ಸುಟ್ಟು ವಾಸನೆ ನೋಡುತ್ತಾರೆ. ಸುಟ್ಟ ನೈಲಾನ್ ಕೂದಲು ಸುಟ್ಟಂತೆ, ಪಾಲಿಥಿಲೀನ್ ಮೇಣದ ಬತ್ತಿಯಂತೆ ನಾರುವುದು ನಿಜ. ಆದರೆ ಅಸಿಟಾಲ್ ಸುಟ್ಟರೆ ಕಣ್ಣು ಗಂಟಲು ಉರಿಸುವ ಫಾರ್ಮಾಲ್ಡಿಹೈಡ್ ಬರುತ್ತದೆ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಉಪ್ಪುನೀರು ಉತ್ತರ ಹೇಳುವಾಗ ಬೆಂಕಿಯ ಅಗತ್ಯವಿಲ್ಲ.

ಟೂಲಿನ ಹರಿತ

ಉಕ್ಕು ಕಡೆದ ಟೂಲನ್ನು ಪ್ಲಾಸ್ಟಿಕ್ಕಿಗೆ ಹಾಕಬೇಡಿ. ಕಣ್ಣಿಗೆ ಹರಿತವಾಗಿ ಕಂಡರೂ ಅದರ ಅಂಚು ಸೂಕ್ಷ್ಮವಾಗಿ ಉರುಟಾಗಿರುತ್ತದೆ. ಉರುಟು ಅಂಚು ಪ್ಲಾಸ್ಟಿಕ್ಕನ್ನು ಕತ್ತರಿಸುವ ಬದಲು ಅದುಮಿ ಉಜ್ಜುತ್ತದೆ, ಉಜ್ಜಿದಲ್ಲಿ ಬಿಸಿ ಹುಟ್ಟುತ್ತದೆ. ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಹೆಚ್ಚೆಸ್ಸೆಸ್ (ಹೈ-ಸ್ಪೀಡ್ ಸ್ಟೀಲ್) ಬಿಟ್‌ಗಳಿಗೆ ಹಸಿರು ಬಣ್ಣ ಬಳಿದಿಟ್ಟಿದ್ದೇನೆ, ಅವು ಪ್ಲಾಸ್ಟಿಕ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.

ಸಾಣೆಯ ಚಕ್ರದಲ್ಲಿ ಆಕಾರ ಕೊಟ್ಟ ಮೇಲೆ ಎಣ್ಣೆಗಲ್ಲಿನ ಮೇಲೆ ಮೇಲ್ಮುಖವನ್ನೂ ಪಕ್ಕಗಳನ್ನೂ ಕನ್ನಡಿಯಂತೆ ಹೊಳೆಯುವವರೆಗೆ ತೀಡಬೇಕು. ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಇಟ್ಟು ಎಳೆದರೆ ಅಂಚು ಜಾರದೆ ಉಗುರಿನಿಂದ ತೆಳು ಪುಡಿ ತೆಗೆಯಬೇಕು. ಮೇಲ್ಮುಖದ ಇಳಿಜಾರು ಅಸಿಟಾಲ್‌ಗೆ 5 ಡಿಗ್ರಿಯ ಆಸುಪಾಸು, ನೈಲಾನ್ ಮತ್ತು ಪಾಲಿಥಿಲೀನಿಗೆ 10ರಿಂದ 15 ಡಿಗ್ರಿ, ಅಕ್ರಿಲಿಕ್ಕಿಗೆ ಸೊನ್ನೆ ಇರಲಿ. ಅಂಚಿನ ಕೆಳಗಿನ ಬಿಡುವು ಲೋಹಕ್ಕೆ ಕೊಡುವುದಕ್ಕಿಂತ ಹೆಚ್ಚು, 10ರಿಂದ 15 ಡಿಗ್ರಿ ಬೇಕು. ಪ್ಲಾಸ್ಟಿಕ್ ಟೂಲಿನಡಿ ಒತ್ತಿ ಮತ್ತೆ ಎದ್ದು ಬರುವ ಸ್ವಭಾವದ್ದಾದ್ದರಿಂದ ಬಿಡುವು ಸಾಲದಿದ್ದರೆ ಟೂಲಿನ ಹೊಟ್ಟೆ ಅದಕ್ಕೆ ಉಜ್ಜುತ್ತದೆ. ಟೂಲಿನ ಮೂಗನ್ನು ಅರ್ಧ ಮಿ.ಮೀ. ತ್ರಿಜ್ಯಕ್ಕೆ ದುಂಡಾಗಿಸಿದರೆ ಮೇಲ್ಮೈ ನುಣುಪಾಗುತ್ತದೆ. ಇನ್ಸರ್ಟ್ (ಟೂಲಿನ ತುದಿಗೆ ಕೂರಿಸುವ, ಬದಲಿಸಬಹುದಾದ ಕತ್ತರಿಸುವ ಬಿಲ್ಲೆ) ಬಳಸುವವರು ಅಲ್ಯೂಮಿನಿಯಂಗೆಂದು ಮಾರುವ, ಲೇಪವಿಲ್ಲದ, ಹೊಳಪು ಕೊಟ್ಟ ಹರಿತದ ಇನ್ಸರ್ಟ್ ಕೊಳ್ಳಬೇಕು. ಉಕ್ಕಿಗೆಂದು ಮಾಡಿದ ಲೇಪದ ಇನ್ಸರ್ಟುಗಳ ಅಂಚು ಮೊದಲಿನಿಂದಲೇ ಮೊಂಡು.

ಟೂಲಿನ ತುದಿ ಸರಿಯಾಗಿ ಸೆಂಟರಿನ, ಅಂದರೆ ತಿರುಗುವ ತುಂಡಿನ ನಡುಬಿಂದುವಿನ, ಎತ್ತರದಲ್ಲಿರಬೇಕು. ಕೆಳಗಿದ್ದರೆ ತೆಳುವಾದ ರಾಡ್ ಬಾಗಿ ಟೂಲಿನ ಮೇಲೆ ಹತ್ತುತ್ತದೆ.

ವೇಗ ಮತ್ತು ಫೀಡ್

ಅಸಿಟಾಲ್, ನೈಲಾನ್‌ಗಳಿಗೆ ನಿಮಿಷಕ್ಕೆ 150ರಿಂದ 300 ಮೀಟರ್ ಕತ್ತರಿಸುವ ವೇಗ ಒಗ್ಗುತ್ತದೆ. ಸುತ್ತುಗಳ ಲೆಕ್ಕಕ್ಕೆ ಈ ವೇಗವನ್ನು 318ರಿಂದ ಗುಣಿಸಿ ಮಿ.ಮೀ. ವ್ಯಾಸದಿಂದ ಭಾಗಿಸಿದರಾಯಿತು. 32 ಮಿ.ಮೀ. ರಾಡಿಗೆ 150 ಮೀಟರ್ ಎಂದರೆ ನಿಮಿಷಕ್ಕೆ ಸುಮಾರು 1490 ಸುತ್ತು. ಹಳೆಯ ಲೇತುಗಳು ಅಷ್ಟು ತಿರುಗುವುದಿಲ್ಲ. ನನ್ನದು 800ಕ್ಕೆ ನಿಲ್ಲುತ್ತದೆ, ಅಂದರೆ 80 ಮೀಟರಿನಷ್ಟು. ಟೂಲ್ ಹರಿತವಿದ್ದರೆ ಅದರಿಂದ ಯಾವ ತೊಂದರೆಯೂ ಆಗಿಲ್ಲ.

ವೇಗಕ್ಕಿಂತ ಫೀಡ್ ಮುಖ್ಯ. ಹೆದರಿ ಹೆದರಿ ಕೂದಲೆಳೆಯಷ್ಟು ಕತ್ತರಿಸುವವರ ತುಂಡೇ ಹೆಚ್ಚು ಬಿಸಿಯಾಗುತ್ತದೆ, ಏಕೆಂದರೆ ತೆಳು ಸುರುಳಿಗೆ ಶಾಖ ಹೊತ್ತೊಯ್ಯುವ ಮೈಯೇ ಇರುವುದಿಲ್ಲ. ರಫ್ ಕಟ್‌ನಲ್ಲಿ 2 ಮಿ.ಮೀ. ಆಳ, ಸುತ್ತಿಗೆ 0.2ರಿಂದ 0.3 ಮಿ.ಮೀ. ಫೀಡ್ ಧೈರ್ಯವಾಗಿ ಕೊಡಬಹುದು. ಫಿನಿಶ್‌ಗೆ 0.3ರಿಂದ 0.5 ಮಿ.ಮೀ. ಆಳ, 0.1 ಫೀಡ್. ತುಂಡು ತಿರುಗುತ್ತಿರುವಾಗ ಟೂಲನ್ನು ಒಂದೇ ಜಾಗದಲ್ಲಿ ನಿಲ್ಲಿಸಬಾರದು, ನಿಂತಲ್ಲಿ ಹೊಳಪಿನ ಉಂಗುರ ಬಿದ್ದರೆ ಅಲ್ಲಿ ಪ್ಲಾಸ್ಟಿಕ್ ಕರಗಿದೆ ಎಂದೇ ಅರ್ಥ.

ತಂಪಿಗೆ ಕಂಪ್ರೆಸರಿನ ಗಾಳಿ ಎಲ್ಲಕ್ಕಿಂತ ಉತ್ತಮ, ಸುರುಳಿಯನ್ನೂ ಅದೇ ತಳ್ಳುತ್ತದೆ. ಅಸಿಟಾಲ್‌ಗೆ ಕೂಲೆಂಟ್ ಹಾಕಿದರೂ ನಡೆಯುತ್ತದೆ. ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್‌ಗಳಿಗೆ ಮಾತ್ರ ಎಣ್ಣೆ ಬೆರೆತ ಕೂಲೆಂಟ್, ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್, ಥಿನ್ನರ್ ಯಾವುದನ್ನೂ ತಾಗಿಸಬಾರದು. ಒಳಗಿನ ಬಿಗಿತ ಇರುವ ಜಾಗದಲ್ಲಿ ಇವು ಜೇಡನ ಬಲೆಯಂಥ ಬಿರುಕು ತರುತ್ತವೆ, ಅದೂ ಕೆಲವೊಮ್ಮೆ ಕೆಲಸ ಮುಗಿದು ದಿನಗಳಾದ ಮೇಲೆ.

ಚಕ್‌ನಲ್ಲಿ ಹಿಡಿಯುವುದು

ಮೂರು ದವಡೆಯ ಚಕ್ ಉಕ್ಕಿಗೆ ಬಿಗಿದಂತೆ ಬಿಗಿದರೆ ಪ್ಲಾಸ್ಟಿಕ್ ಮೂರು ಕಡೆ ಒಳಕ್ಕೆ ಒತ್ತಿಹೋಗುತ್ತದೆ. ಆ ಸ್ಥಿತಿಯಲ್ಲಿ ಬೋರ್ (ಒಳಗಿನ ರಂಧ್ರ) ದುಂಡಾಗಿ ಕೊರೆದು ಚಕ್ ಬಿಚ್ಚಿದೊಡನೆ ತುಂಡು ತನ್ನ ಮೂಲ ಆಕಾರಕ್ಕೆ ಮರಳುತ್ತದೆ, ದುಂಡಗಿದ್ದ ಬೋರ್ ಮೂರು ಮೂಲೆಯದಾಗುತ್ತದೆ. ಎರಡು ಬಿಂದುಗಳ ನಡುವೆ ಅಳೆಯುವ ವರ್ನಿಯರಿಗೆ ಇದು ಗೊತ್ತಾಗುವುದೂ ಕಷ್ಟ. ಶಾಫ್ಟ್ ತೂರಿಸಿದಾಗಲೇ ತಿಳಿಯುವುದು.

ಗಟ್ಟಿ ರಾಡನ್ನು ಹಿಡಿಯುವಾಗ ಉದ್ದವಾಗಿ, ಕನಿಷ್ಠ ವ್ಯಾಸದಷ್ಟಾದರೂ ದವಡೆಯೊಳಗೆ ಬಿಟ್ಟು, ಮಿತವಾಗಿ ಬಿಗಿಯಬೇಕು. ಅಸಿಟಾಲ್ ಜಾರುಗುಣದ್ದಾದ್ದರಿಂದ ಸ್ವಲ್ಪವೇ ಹಿಡಿದರೆ ಕಿತ್ತು ಬರುತ್ತದೆ. ಕಡೆದು ಮುಗಿದ ಮೈಯನ್ನು ಮತ್ತೆ ಹಿಡಿಯಬೇಕಾದರೆ ಸೀಳಿದ ತೋಳು ಬೇಕು. ದಪ್ಪ ಗೋಡೆಯ ಪಿವಿಸಿ ಪೈಪಿನ ತುಂಡನ್ನು ಒಳಗೆ ತುಂಡಿನ ವ್ಯಾಸಕ್ಕೆ ಸರಿಯಾಗಿ ಕೊರೆದು, ಒಂದು ಕಡೆ ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದರೆ ಆ ತೋಳು ಸಿದ್ಧ. ಅದು ದವಡೆಗಳ ಒತ್ತಡವನ್ನು ಸುತ್ತಲೂ ಹಂಚುತ್ತದೆ.

ಉದ್ದನೆಯ ರಾಡಿಗೆ ಚಕ್‌ನ ಎದುರು ತುದಿಯ ಟೇಲ್‌ಸ್ಟಾಕಿನಲ್ಲಿ ರಿವಾಲ್ವಿಂಗ್ ಸೆಂಟರ್ (ರಾಡಿನ ತುದಿಗೆ ಆನಿಸಿ ಅದರೊಡನೆ ತಿರುಗುವ ಮೊನೆ) ಕಡ್ಡಾಯ. 300 ಮಿ.ಮೀ. ಅಸಿಟಾಲ್ ರಾಡ್ 15 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಮಿ.ಮೀ. ಉದ್ದವಾಗುತ್ತದೆ. ಚಕ್ ಮತ್ತು ಸೆಂಟರಿನ ನಡುವೆ ಹೋಗಲು ಜಾಗವಿಲ್ಲದೆ ಬಿಲ್ಲಿನಂತೆ ಬಾಗುತ್ತದೆ. ಪ್ರತಿ ಕಟ್ ಆದ ಮೇಲೆ ಸೆಂಟರನ್ನು ಸಡಿಲಿಸಿ ಮತ್ತೆ ಮೃದುವಾಗಿ ತಾಗಿಸಬೇಕು.

ಸುರುಳಿಯ ಅಪಾಯ

ಅಸಿಟಾಲ್ ಮತ್ತು ನೈಲಾನ್ ಕಡೆಯುವಾಗ ಸುರುಳಿ ಮುರಿಯುವುದಿಲ್ಲ. ಒತ್ತುಶಾವಿಗೆಯ ಎಳೆಯಂತೆ ಮೀಟರುಗಟ್ಟಲೆ ಬಂದು, ನೋಡನೋಡುತ್ತಿದ್ದಂತೆ ಚಕ್‌ಗೆ ಸುತ್ತಿಕೊಂಡು ಹುಲ್ಲಿನ ಮೆದೆಯಷ್ಟಾಗಿ ತಿರುಗತೊಡಗುತ್ತದೆ. ನೋಡಲು ಹತ್ತಿಯಂತಿದ್ದರೂ ನೈಲಾನ್ ಎಳೆ ಬೆರಳನ್ನು ಎಳೆದುಕೊಂಡರೆ ತುಂಡಾಗುವುದು ಬೆರಳು. ಇದನ್ನು ಕೈಯಿಂದ ಎಳೆಯುವುದು, ಕೈಗವಸು ಹಾಕಿ ಎಳೆಯುವುದು ಎರಡೂ ಬೇಡ. ಲೇತ್ ನಿಲ್ಲಿಸಿ, ಕೊಕ್ಕೆಯಿಂದ ತೆಗೆದು, ಅಗತ್ಯವಿದ್ದರೆ ಚಾಕುವಿನಿಂದ ಕೊಯ್ಯಬೇಕು. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಟೂಲಿನ ಪಕ್ಕ ಕಟ್ಟಿ ಎಳೆಯ ಮೊದಲ ತುದಿಯನ್ನು ಅದರೊಳಗೆ ಹಿಡಿಸಿದರೆ ಉಳಿದದ್ದು ತಾನಾಗಿ ಒಳಹೋಗುತ್ತದೆ. ಉದ್ದ ತೋಳಿನ ಅಂಗಿ, ಹೆಗಲ ಮೇಲಿನ ಟವೆಲ್ ಲೇತಿನ ಹತ್ತಿರ ಬೇಡವೇ ಬೇಡ.

ಟೆಫ್ಲಾನ್ ಕಡೆಯುವ ದಿನ ಶೆಡ್ಡಿನಲ್ಲಿ ಬೀಡಿ ಸಿಗರೇಟು ಯಾರೂ ಹಚ್ಚಬಾರದು. ಅದರ ಪುಡಿ ಬೆರಳಿನಿಂದ ತಂಬಾಕಿಗೆ ಅಂಟಿ ಸುಟ್ಟರೆ ಬರುವ ಹೊಗೆಯಿಂದ ಕೆಲವು ಗಂಟೆಗಳ ನಂತರ ಜ್ವರ, ನಡುಕ, ಎದೆಬಿಗಿತ ಕಾಣಿಸುತ್ತದೆ. ಹೈಲಮ್ ಕಡೆಯುವಾಗ ಬರುವುದು ಸುರುಳಿಯಲ್ಲ, ಕೆರೆತ ತರುವ ನುಣ್ಣನೆಯ ಪುಡಿ. ಮುಖಕ್ಕೆ ಮಾಸ್ಕ್ ಇರಲೇಬೇಕು, ಲೇತಿನ ಹಾಸಿಗೆಗೆ ಹಳೆಯ ಬಟ್ಟೆ ಹೊದಿಸಬೇಕು. ಯಾವ ಪ್ಲಾಸ್ಟಿಕ್ಕಿನ ಸುರುಳಿಯನ್ನೂ ಹಿತ್ತಲಲ್ಲಿ ಕಸದೊಂದಿಗೆ ಸುಡಬಾರದು. ಬಗೆಬಗೆಯಾಗಿ ಚೀಲದಲ್ಲಿ ತುಂಬಿಟ್ಟರೆ ಗುಜರಿಯವರು ಒಯ್ಯುತ್ತಾರೆ.

ಅಕ್ರಿಲಿಕ್ ಕೊರೆಯುವಾಗ

ಅಕ್ರಿಲಿಕ್ಕಿಗೆ ಸಾಮಾನ್ಯ ಡ್ರಿಲ್ ಹಾಕಿದರೆ ಅದು ಸ್ಕ್ರೂವಿನಂತೆ ತಾನೇ ಒಳಕ್ಕೆ ಎಳೆದುಕೊಂಡು ತುಂಡನ್ನು ಒಡೆಯುತ್ತದೆ. ಹಿತ್ತಾಳೆಗೆ ಮಾಡುವಂತೆ ಡ್ರಿಲ್ಲಿನ ಎರಡೂ ತುಟಿಗಳ ಮುಂದಿನ ಅಂಚನ್ನು ಕಲ್ಲಿನಿಂದ ಸ್ವಲ್ಪ ಚಪ್ಪಟೆ ಮಾಡಿದರೆ ಎಳೆಯುವುದು ನಿಲ್ಲುತ್ತದೆ. ಹಿಂಬದಿಗೆ ತೂತು ಬೀಳುವ ಮುನ್ನ ಕೈ ನಿಧಾನಿಸಬೇಕು. ಮುಗಿದ ಭಾಗವನ್ನು ಅಂಟಿಸುವುದಿದ್ದರೆ ಅಥವಾ ದ್ರಾವಕ ತಾಗುವುದಿದ್ದರೆ 80 ಡಿಗ್ರಿಯ ಒಲೆಯಲ್ಲಿ ಕೆಲವು ಗಂಟೆ ಇಟ್ಟು, ಒಲೆಯೊಳಗೇ ನಿಧಾನವಾಗಿ ಆರಲು ಬಿಟ್ಟರೆ ಒಳಗಿನ ಬಿಗಿತ ಕಳೆಯುತ್ತದೆ. ಅಡುಗೆಗೆ ಬಳಸುವ ಒಲೆ ಇದಕ್ಕೆ ಬೇಡ.

ಒಂದು ಬುಷ್, ಮೊದಲಿನಿಂದ ಕೊನೆಯವರೆಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಅಕ್ಕಿ ಅರಳುವುದು ಕಾದ ಮರಳಿನಲ್ಲಿ. ಅರಳಿದ ಮೇಲೆ ಮರಳನ್ನು ಜರಡಿಯಿಂದ ಬೇರ್ಪಡಿಸುತ್ತಾರೆ. ಮೋಟಾರಿನಿಂದ ಅಲುಗುವ ಜರಡಿಯೊಂದರ ತೂಗುಬಿಂದುವಿಗೆ ಹಿತ್ತಾಳೆ ಬುಷ್ ಹಾಕಿ ಗ್ರೀಸ್ ತುಂಬಿದರೆ ಆ ಗ್ರೀಸ್ ಮರಳನ್ನು ಹಿಡಿದಿಟ್ಟುಕೊಂಡು ಶಾಫ್ಟನ್ನೇ ಸವೆಸುತ್ತದೆ, ಅಕ್ಕಿಗೆ ಹಾಕಿದ ಉಪ್ಪು ಲೋಹವನ್ನು ತಿನ್ನುತ್ತದೆ. ಭಟ್ಟಿಯ ಬೆಂಕಿಯಿಂದ ದೂರವಿರುವ, ಕೈ ಇಡಬಹುದಾದಷ್ಟು ಮಾತ್ರ ಬಿಸಿಯಾಗುವ ಈ ಜಾಗಕ್ಕೆ ನಾನು ಆರಿಸಿದ್ದು ಬಣ್ಣವಿಲ್ಲದ ಬಿಳಿ ಅಸಿಟಾಲ್, ಗ್ರೀಸ್ ಇಲ್ಲದೆ, ಎರಡೂ ಬದಿಗೆ ಮರಳು ತಡೆಯುವ ಉಣ್ಣೆಯ ವಾಷರ್ ಇಟ್ಟು. ಶಾಫ್ಟ್ 20 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನದು, ಗೂಡಿನ ಒಳವ್ಯಾಸ 32, ಬುಷ್‌ನ ಉದ್ದ 40.

ಮೊದಲ ದಿನ 35 ಮಿ.ಮೀ. ರಾಡಿನಿಂದ 80 ಮಿ.ಮೀ. ಕತ್ತರಿಸಿಕೊಂಡು, 35 ಮಿ.ಮೀ. ಚಕ್‌ನೊಳಗೆ ಬಿಟ್ಟು ಹಿಡಿಯಬೇಕು. ಮುಖ ಸಮಮಾಡಿ, ಸೆಂಟರ್ ಡ್ರಿಲ್ ಹಾಕಿ, 10 ಮಿ.ಮೀ. ಡ್ರಿಲ್ಲಿನಿಂದ ಕೊರೆಯಬೇಕು. ಪ್ರತಿ 8ರಿಂದ 10 ಮಿ.ಮೀ. ಆಳಕ್ಕೊಮ್ಮೆ ಡ್ರಿಲ್ಲನ್ನು ಪೂರ್ತಿ ಹೊರತೆಗೆದು ಗಾಳಿ ಊದಬೇಕು, ಏಕೆಂದರೆ ಲೇತಿನಲ್ಲಿ ಶಾಖ ಅತಿ ಹೆಚ್ಚು ಸಿಕ್ಕಿಬೀಳುವ ಜಾಗವೇ ಡ್ರಿಲ್ಲಿನ ತೂತು. ಆಮೇಲೆ 18ರ ಡ್ರಿಲ್. ತೂತು ಆರಿದ ಮೇಲೆ ಡ್ರಿಲ್ಲಿಗಿಂತ ತುಸು ಚಿಕ್ಕದಾಗಿರುವುದು ಕಂಡರೆ ಗಾಬರಿ ಬೇಡ, ಅದು ಸಹಜ. ಹೊರಮೈಯನ್ನು 33ಕ್ಕೆ, ಬೋರನ್ನು 19ಕ್ಕೆ ರಫ್ ಮಾಡಿ, ಚಕ್ ಸಡಿಲಿಸಿ, ಮರುದಿನದವರೆಗೆ ಬಿಡಬೇಕು. ರಾಡ್ ತಯಾರಾಗುವಾಗ ಒಳಗೆ ಉಳಿದ ಬಿಗಿತ ಹೊರಪದರ ತೆಗೆದೊಡನೆ ತನ್ನ ಸಮತೋಲ ಹುಡುಕುತ್ತದೆ, ಆಕಾರ ಬದಲಾಗುವುದಿದ್ದರೆ ಬಹುಪಾಲು ಈ ರಾತ್ರಿಯಲ್ಲೇ ಆಗಲಿ. ಅವಸರದ ಗಿರಾಕಿಯಿದ್ದರೂ ಈ ಒಂದು ರಾತ್ರಿಯನ್ನು ನಾನು ಬಿಟ್ಟುಕೊಡುವುದಿಲ್ಲ.

ಎರಡನೆಯ ದಿನ ಬೆಳಿಗ್ಗೆ, ಶೆಡ್ ಕಾಯುವ ಮುನ್ನ, ಮಿತವಾಗಿ ಬಿಗಿದು ಫಿನಿಶ್ ಮಾಡಬೇಕು. ಇಲ್ಲಿ ಲೆಕ್ಕ ಹೀಗಿದೆ. ಗೂಡಿನಲ್ಲಿ ಬಿಗಿಯಾಗಿ ಕೂರಲು ಹೊರವ್ಯಾಸ 0.15 ಮಿ.ಮೀ. ಹೆಚ್ಚು, ಅಂದರೆ 32.15. ಕೂರಿಸಿದಾಗ ಬೋರ್ ಹೆಚ್ಚುಕಡಿಮೆ ಅಷ್ಟೇ ಕಿರಿದಾಗುತ್ತದೆ. ತಿರುಗಲು ಬೇಕಾದ ಸಡಿಲ 0.12 ಮಿ.ಮೀ., ಇದು ಹಿತ್ತಾಳೆ ಬುಷ್‌ಗೆ ಬಿಡುವುದಕ್ಕಿಂತ ಬಹಳ ಹೆಚ್ಚು. ಆದರೆ ಬೇಸಿಗೆಯಲ್ಲಿ ಹಿಗ್ಗುವ ಪ್ಲಾಸ್ಟಿಕ್ಕಿಗೆ ಹೋಗಲು ದಾರಿ ಒಳಮುಖವೊಂದೇ. ಆದ್ದರಿಂದ ಬೋರ್ 20.27. ಗೂಡನ್ನೇ ಲೇತಿಗೆ ಕಟ್ಟಲು ಸಾಧ್ಯವಿದ್ದರೆ ಬೋರನ್ನು 19.5ಕ್ಕೆ ಬಿಟ್ಟು, ಬುಷ್ ಕೂರಿಸಿದ ಮೇಲೆ 20.12ಕ್ಕೆ ಕೊರೆಯುವುದು ಇನ್ನೂ ಖಚಿತವಾದ ದಾರಿ.

ಬೋರಿಂಗ್ ಟೂಲ್ ಸಾಧ್ಯವಾದಷ್ಟು ದಪ್ಪದ್ದಿರಲಿ. ಅಂತಿಮ ಅಳತೆಗೆ 0.4 ಮಿ.ಮೀ. ಇರುವಾಗ ನಿಲ್ಲಿಸಿ, ಗಾಳಿ ಊದಿ, ಹತ್ತು ನಿಮಿಷ ಕಾದು ಅಳೆದು, ಉಳಿದದ್ದನ್ನು ಒಂದೇ ಕಟ್‌ನಲ್ಲಿ ತೆಗೆಯಬೇಕು. 0.03ರಷ್ಟು ಉಳಿಸಿಕೊಂಡು ಕೊನೆಗೆ ಸವರಿ ತೆಗೆಯಲು ಹೋದರೆ ಟೂಲ್ ಕತ್ತರಿಸದೆ ಉಜ್ಜುತ್ತದೆ. ಮೈಕ್ರೋಮೀಟರಿನ ಒತ್ತಡಕ್ಕೂ ಪ್ಲಾಸ್ಟಿಕ್ ತಗ್ಗುವುದರಿಂದ ರ‍್ಯಾಚೆಟ್ ಕಿರ್ರೆನ್ನುವವರೆಗೆ ತಿರುಗಿಸದೆ ತಾಗಿದ ಅನುಭವವಾದಾಗಲೇ ಓದಿಕೊಳ್ಳಬೇಕು.

ಹೊರಮೈ 32.15ಕ್ಕೆ ಬಂದ ಮೇಲೆ ಮುಂದಿನ ಅಂಚಿಗೆ 1 ಮಿ.ಮೀ. ಇಳಿಜಾರು ಕೊಟ್ಟು, ಹರಿತವಾದ ಕಿರಿದು ಪಾರ್ಟಿಂಗ್ ಟೂಲಿನಿಂದ ಕತ್ತರಿಸಬೇಕು. ಪಾರ್ಟಿಂಗ್ ಮಧ್ಯೆ ಸುರುಳಿ ಕತ್ತರಿಸಿದ ಸಂದಿನಲ್ಲಿ ಸಿಕ್ಕಿಕೊಂಡರೆ ಟೂಲನ್ನು ಹಿಂದೆಳೆದು ಸ್ವಚ್ಛಮಾಡಿ ಮುಂದುವರಿಯಬೇಕು. ಅಂಚಿನ ತೆಳು ಬರ್ರುಗಳನ್ನು ಚಾಕುವಿನಿಂದ ತೆಗೆಯಬೇಕು. ಬೋರಿಗೆ ಎಮೆರಿ ಕಾಗದ ಹಾಕುವುದನ್ನು ನಾನು ಕಟ್ಟುನಿಟ್ಟಾಗಿ ಬೇಡವೆನ್ನುತ್ತೇನೆ: ಅದರ ಕಣಗಳು ಪ್ಲಾಸ್ಟಿಕ್ಕಿನಲ್ಲಿ ಹುದುಗಿ ಕುಳಿತು ಮುಂದೆ ಶಾಫ್ಟನ್ನು ತಿಂಗಳುಗಟ್ಟಲೆ ಸಾಣೆ ಹಿಡಿಯುತ್ತವೆ.

ಕೂರಿಸಲು ಸುತ್ತಿಗೆ ಬೇಡ. ಬುಷ್ ಅನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ರಾತ್ರಿ ಇಟ್ಟರೆ 32 ಡಿಗ್ರಿಯಿಂದ ಸೊನ್ನೆಗಿಂತ 18 ಡಿಗ್ರಿ ಕೆಳಕ್ಕೆ, ಒಟ್ಟು 50 ಡಿಗ್ರಿ ಇಳಿಯುತ್ತದೆ. ಅಷ್ಟಕ್ಕೆ ಹೊರವ್ಯಾಸ ಸುಮಾರು 0.18 ಮಿ.ಮೀ. ಕುಗ್ಗುತ್ತದೆ. 0.15ರ ಬಿಗಿತ ಅಲ್ಲಿಗೆ ಕಳೆದುಹೋಗಿ ಬುಷ್ ಬೆರಳಿನ ಒತ್ತಿಗೆ ಒಳಸೇರುತ್ತದೆ. ಚೀಲದಿಂದ ತೆಗೆದೊಡನೆ ತಡಮಾಡದೆ, ಇಳಿಜಾರು ಅಂಚು ಮುಂದಾಗಿ, ಓರೆಯಾಗದಂತೆ ತಳ್ಳಬೇಕು. ಅರ್ಧದಲ್ಲಿ ನಿಂತರೆ ವೈಸಿನಲ್ಲಿ ಮರದ ತುಂಡಿಟ್ಟು ನಿಧಾನವಾಗಿ ಒತ್ತಬಹುದು.

ಬುಷ್ ಶೆಡ್ಡಿನ ಉಷ್ಣಾಂಶಕ್ಕೆ ಬರಲು ಕನಿಷ್ಠ ಎರಡು ಗಂಟೆ ಬಿಟ್ಟು ಶಾಫ್ಟ್ ತೂರಿಸಬೇಕು. ಅದು ತನ್ನ ಭಾರಕ್ಕೇ ಜಾರಬೇಕು, ಕೈಯಲ್ಲಿ ಅಲುಗಿಸಿದರೆ ಕೂದಲೆಳೆಯಷ್ಟು ಆಟ ಇರಬೇಕು. ಜರಡಿ ಓಡಲು ಶುರುವಾದ ಮೊದಲ ದಿನ ಒಂದು ಗಂಟೆಯ ನಂತರ ನಿಲ್ಲಿಸಿ ಗೂಡಿನ ಮೇಲೆ ಅಂಗೈ ಇಟ್ಟು ನೋಡಬೇಕು, ಅಂಗೈ ಇಡಲಾಗದಷ್ಟು ಬಿಸಿಯಿದ್ದರೆ ಸಡಿಲ ಸಾಲದು, ಬೋರನ್ನು ಇನ್ನೂ 0.05 ಹಿಗ್ಗಿಸಬೇಕು. ಒಂದು ವಾರದ ನಂತರ ಶಾಫ್ಟ್ ಕಳಚಿ ನೋಡಿದಾಗ ಅದರ ಮೇಲೆ ತೆಳುವಾದ ಬಿಳಿಯ ಪದರ ಹರಡಿದ್ದರೆ ಅದನ್ನು ಒರೆಸದೆ ಹಾಗೆಯೇ ಬಿಡಬೇಕು. ಬುಷ್‌ನಿಂದ ಶಾಫ್ಟಿಗೆ ಬಂದ ಆ ಪದರದ ಮೇಲೆಯೇ ಮುಂದಿನ ಜಾರಾಟ ನಡೆಯುವುದು. ಉಣ್ಣೆಯ ವಾಷರುಗಳನ್ನು ಮಾತ್ರ ಮರಳು ಕೊಡವಿ ಮತ್ತೆ ಹಾಕಬೇಕು.